ಹೊಡೆಯದಿದ್ದದ್ದಕ್ಕೆ ಶಹಬ್ಬಾಸ್

ಹೊಗಳುವುದು ನಮ್ಮ ಮನೆತನಕ್ಕೆ ಒಗ್ಗಿದ ವಿದ್ಯೆಯಲ್ಲ. ಹತ್ತನೇ ತರಗತಿಯಲ್ಲಿ ನಾನು ಶಾಲೆಗೇ ಮೊದಲಿಗನಾದಾಗ ಅಪ್ಪ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ತೊಂದರೆ ಇಲ್ಲ" ಎಂದಿದ್ದರು. ಆ ಒಂದು ಮಾತಿನ ಬಲದಲ್ಲೇ ನಾನು ಕಾಲೇಜು ಮುಗಿಸಿದೆ. ಇಂಥವನಿಗೆ, ನಾಲ್ಕು ವರ್ಷದ ಮಗಳನ್ನು ದಿನಕ್ಕೆ ಹತ್ತು ಸಲ ಹೊಗಳಬೇಕೆಂದು ಅಪ್ಪಣೆಯಾದರೆ ಗತಿಯೇನು ಹೇಳಿ.

ಅಪ್ಪಣೆ ಕೊಟ್ಟವರು ಮೂಡುಬಿದಿರೆಯ ಬಾಲವಾಡಿಯ ಟೀಚರ್. ಮಗಳು ಪ್ರಣಮ್ಯ ಜೊತೆಯ ಮಕ್ಕಳಿಗೆ ಹೊಡೆಯುತ್ತಾಳೆ ಎಂಬುದು ಅವರ ದೂರು. ನಾವು ಜೈನರು. ನೀರನ್ನು ಸೋಸಿ ಕುಡಿಯುವವರು, ಇರುವೆ ಸಾಲು ಕಂಡರೆ ಬಳಸಿಕೊಂಡು ಹೋಗುವವರು. ಈರುಳ್ಳಿ ಕೂಡ ಹೊಗದ ಮನೆಗೆ ಈ ಹೊಡೆತ ಎಲ್ಲಿಂದ ಬಂತೆಂಬ ಚಿಂತೆಯಲ್ಲಿ ನನಗೆ ಅನ್ನ ಸೇರದಾಯಿತು. ಅಮ್ಮನಂತೂ ಇದು ಸೊಸೆಯ ತವರಿನ ಕಡೆಯಿಂದ ಬಂದದ್ದೆಂದು ಕೂತಲ್ಲೇ ತೀರ್ಪು ಕೊಟ್ಟರು. ನನ್ನವಳು ಅದನ್ನು ಕೇಳಿಸಿಕೊಂಡಳು. ಮುಂದಿನದು ಇಲ್ಲಿ ಬೇಡ.

"ಬೈಯ್ಬೇಡಿ ಸರ್" ಎಂದರು ಟೀಚರ್. "ಹೊಡೆಯದೆ ಇರುವಾಗ ಹೊಗಳಿ. ಕೂಡಲೇ ಹೊಗಳ್ಬೇಕು. ತಡ ಆದ್ರೆ ಪ್ರಯೋಜನ ಇಲ್ಲ."

ಹೊಗಳಿದೆ. ಮೊದಲ ದಿನ ನನ್ನ ಸ್ವರ, ಕಚೇರಿಯಲ್ಲಿ ನಿವೃತ್ತರಾಗುವವರಿಗೆ ಅಭಿನಂದನಾ ಪತ್ರ ಓದುವ ಧಾಟಿಯಲ್ಲಿತ್ತು. ನಾಲ್ಕನೇ ದಿನಕ್ಕೆ ಕುದುರಿತು. ಪ್ರಣಮ್ಯಳೂ ಕುದುರಿದಳು, ಆದರೆ ಅವಳದೇ ರೀತಿಯಲ್ಲಿ. ಪಕ್ಕದ ಮನೆಯ ಹುಡುಗನ ಎದುರು ಕೈ ಎತ್ತುವುದು, ನನ್ನತ್ತ ತಿರುಗಿ ನೋಡುವುದು, ಕಾಯುವುದು. "ಶಹಬ್ಬಾಸ್ ಮಗಳೇ, ಹೊಡೀಲಿಲ್ಲ!" ಎಂದರೆ ಕೈ ಕೆಳಗಿಳಿಯುತ್ತದೆ. ನಾನು ಫೋನಿನಲ್ಲಿದ್ದು ತುಸು ತಡವಾದರೂ ಕೈ ಇಳಿಯುತ್ತದೆ, ಹುಡುಗನ ಬೆನ್ನಿನ ಮೇಲೆ. ಆ ಪುಟ್ಟ ಕೈಯನ್ನು ಕಾಯುವುದರಲ್ಲೇ ನನ್ನ ದಿನ ಕಳೆಯತೊಡಗಿತು.

ಅಷ್ಟರಲ್ಲಿ ನನ್ನವಳ ತಂಗಿ ಐದು ತಿಂಗಳ ಮಗುವಿನೊಂದಿಗೆ ತವರಿನಿಂದ ಕಕ್ಕಿಂಜೆಯ ಗಂಡನ ಮನೆ ಸೇರಿದ ಸುದ್ದಿ ಬಂತು. "ನೋಡ್ಲಿಕ್ಕೆ ಹೋಗದಿದ್ರೆ ತಪ್ಪು ತಿಳೀತಾರೆ, ಭಾನುವಾರ ಹೋಗುವ" ಎಂದಳು ನನ್ನವಳು. ನನಗೆ ಆ ಮಗುವಿನ ಮೆತ್ತನೆಯ ತಲೆಯೇ ಕಣ್ಣ ಮುಂದೆ. ಟೀಚರಿಗೆ ಫೋನ್ ಮಾಡಿ ಹೆದರಿಕೆ ಹೇಳಿಕೊಂಡೆ. "ಹೊಗಳ್ತಾ ಇರಿ ಸರ್, ಏನೂ ಆಗುವುದಿಲ್ಲ" ಎಂದರು.

ಭಾನುವಾರ ಕಕ್ಕಿಂಜೆಯಲ್ಲಿ, ನಮ್ಮವರ ಪದ್ಧತಿಯಂತೆ, ಹೊತ್ತು ಮುಳುಗುವ ಮೊದಲೇ ಊಟಕ್ಕೆ ಎಲೆ ಹಾಕಿದರು. ನಾದಿನಿಯ ಮಾವ ಊಟದ ಹೊತ್ತಿಗೆ ಮೌನ ಹಿಡಿಯುವವರು. ಅವರು ಕುಳಿತ ಪಂಕ್ತಿಯಲ್ಲಿ ಉಳಿದವರೂ ತುಟಿ ಬಿಚ್ಚುವುದಿಲ್ಲ. ಮಗು ಗೋಡೆ ಬದಿಯ ತೊಟ್ಟಿಲಲ್ಲಿ ಮಲಗಿತ್ತು. ಅರ್ಧ ಊಟದಲ್ಲಿ ತಲೆಯೆತ್ತಿ ನೋಡುತ್ತೇನೆ, ಪ್ರಣಮ್ಯ ಎಲೆ ಬಿಟ್ಟು ತೊಟ್ಟಿಲ ಬಳಿ ನಿಂತಿದ್ದಾಳೆ. ಕೈ ಎತ್ತಿದ್ದಾಳೆ.

ಹೊಗಳಬೇಕು, ಕೂಡಲೇ. ಮಾವನವರ ಮುಖ ನೋಡಿದೆ. ನಾಲಿಗೆ ಏಳಲಿಲ್ಲ. ಎಡಗೈ ಬೀಸಿದೆ, ಹುಬ್ಬು ಕುಣಿಸಿದೆ. ಅವಳು ನನ್ನತ್ತ ನೋಡಲೇ ಇಲ್ಲ. ಕೈ ಕೆಳಗಿಳಿಯತೊಡಗಿತು. ನಾನು ಎಲೆ ದಾಟಿ ಹಾರಿ, ಸಾರಿನ ಕೈಯಲ್ಲೇ ಅವಳ ಕೈಗೆ ಪಟ್ಟೆಂದು ಒಂದು ಬಿಟ್ಟೆ.

ಮಗುವಿನ ಕೆನ್ನೆಯಿಂದ ಒಂದು ನೊಣ ಎದ್ದು ಹೋಯಿತು.

ಮಾವನವರು ಮೌನ ಮುರಿದರು. "ಎಂತ ಮಾರಾಯ ನೀನು! ನೊಣ ಓಡಿಸ್ಲಿಕ್ಕೆ ಹೋದದ್ದಲ್ವಾ ಅದು?"

ಪ್ರಣಮ್ಯ ಅಳಲಿಲ್ಲ. ಕೆಂಪಾದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಮತ್ತೆ ಎಲೆಯ ಮುಂದೆ ಕೂರಲು ನನಗೆ ನಾಚಿಕೆಯಾಯಿತು.

ಸೋಮವಾರ ಬಾಲವಾಡಿಯ ಬಾಗಿಲಲ್ಲೇ ಟೀಚರ್ ಕೇಳಿದರು, "ಮಗುವಿನ ಹತ್ರ ಹೇಗಿದ್ಲು ಸರ್?"

"ಹೊಡೀಲಿಲ್ಲ ಟೀಚರ್" ಎಂದೆ. ಸುಳ್ಳಲ್ಲವಲ್ಲ.

"ನೋಡಿದ್ರಾ! ಎಲ್ಲ ನಿಮ್ಮ ತಾಳ್ಮೆ ಸರ್. ಎಲ್ಲ ಮಕ್ಕಳಿಗೂ ನಿಮ್ಮಂಥ ಅಪ್ಪ ಸಿಗ್ಬೇಕು."

ಪ್ರಣಮ್ಯ ತಲೆಯೆತ್ತಿ ನನ್ನನ್ನೇ ನೋಡಿದಳು. ನಡೆದದ್ದನ್ನು ಹೇಳಿಬಿಡುವ ಎಂದು ಬಾಯಿ ತೆರೆದೆ. ಆದರೆ ಟೀಚರ್ ಹೇಳಿದ್ದು ಕಿವಿಗೆ ಅದೆಷ್ಟು ಹಿತವಾಗಿತ್ತೆಂದರೆ, ಬಾಯಿಂದ ಬಂದದ್ದು "ಥ್ಯಾಂಕ್ಸ್ ಟೀಚರ್" ಎಂಬುದು ಮಾತ್ರ.