ತೇರದಾಳವನ್ನೂ ಮುಟ್ಟದ ಅಂತರಿಕ್ಷ ನೌಕೆಗಳು

ಮನುಷ್ಯರು ಇಲ್ಲಿಯವರೆಗೆ ಕಲ್ಪಿಸಿಕೊಂಡ ಯಾವ ಅಂತರಿಕ್ಷ ನೌಕೆಯೂ ಬನಹಟ್ಟಿಯಿಂದ ಹೊರಟು ತೇರದಾಳ ಮುಟ್ಟುವುದಿಲ್ಲ! ಇದು ನನ್ನ ಮಾತಲ್ಲ, ನಮ್ಮ ಮಾಮಾನ ತೀರ್ಪು. ನಕ್ಷತ್ರಗಳ ಆಚೆ ಹೋಗಿ ಬರುವ ನೌಕೆಗೆ ಪಕ್ಕದ ತೇರದಾಳ ಏಕೆ ಕಷ್ಟ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕೇಳಬಾರದಿತ್ತು. ಅಂದಿನಿಂದ ನನ್ನ ಒಂದು ಭಾನುವಾರವೂ ನನ್ನದಾಗಿ ಉಳಿದಿಲ್ಲ.

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ನಲವತ್ತು ವರ್ಷ ಬನಹಟ್ಟಿಯ ನೇಯ್ಗೆ ಶೆಡ್ಡುಗಳಲ್ಲಿ ಜಾಬರ್ ಆಗಿದ್ದವನು, ಎಂದರೆ ಕೆಟ್ಟ ಪಾವರ್‌ಲೂಮನ್ನು ಸರಿಮಾಡುವವನು. ಶೆಡ್ಡಿನ ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ, “ಏಳನೇದರ ಲಾಳಿ ಸರಿ ಓಡವಲ್ದು” ಎನ್ನುತ್ತಿದ್ದ. ಹೋಗಿ ನೋಡಿದರೆ ಏಳನೆಯದೇ! ಆಮೇಲೆ ಅವನ ಕಣ್ಣಿಗೆ ಗ್ಲಾಕೋಮಾ ಬಂತು. ಅಂಚಿನಿಂದ ಒಳಕ್ಕೆ ನೋಟ ಮುಚ್ಚುತ್ತ ಬರುವ ಜಡ್ಡು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಯ್ದುಕೊಳ್ಳಬೇಕು ಎಂದರು ಡಾಕ್ಟರು. ಮಾಮಾ ಹನಿ ಹಾಕಿಸಿಕೊಂಡ, ಆದರೆ ಜಡ್ಡನ್ನು ಒಪ್ಪಿಕೊಳ್ಳಲಿಲ್ಲ. ಶೆಡ್ಡಿನಲ್ಲಿ ಬೆಳಕು ಕಮ್ಮಿ ಎಂದ. ಮನೆಯ ಬಲ್ಬುಗಳನ್ನೆಲ್ಲ ಬದಲಿಸಿದ. ಮಟಮಟ ಮಧ್ಯಾಹ್ನ ಅಂಗಳದಲ್ಲಿ ಎಡವಿ ಬಿದ್ದಾಗ, “ಮಾಡ ಆಗೇತಿ” ಎಂದ. ಬನಹಟ್ಟಿಯ ಬೇಸಿಗೆಯಲ್ಲಿ ಮೋಡ!

ಅಷ್ಟರಲ್ಲಿ ಶೆಡ್ಡಿನ ಮಾಲೀಕರು ಗಾಜಿನ ಪ್ಯಾನಲ್ ಇರುವ ಹೊಸ ಲೂಮು ತಂದರು. ಮಾಮಾ ಬೆರಳಿಟ್ಟ. ಎಣ್ಣೆ ಕುಡಿದು ಕೊರಡಾದ ಅವನ ಬೆರಳನ್ನು ಗಾಜು ಬೆರಳೆಂದೇ ಒಪ್ಪಲಿಲ್ಲ. ಒತ್ತಿದ. ಗುದ್ದಿದ. ಪ್ಯಾನಲ್ ಚೀನೀ ಭಾಷೆಗೆ ತಿರುಗಿತು! ಅದನ್ನು ಬನಹಟ್ಟಿಗೆ ವಾಪಸು ತರಲು ಎರಡು ದಿನ ಬೇಕಾಯಿತು. ಮೂರನೆಯ ದಿನ ಮಾಲೀಕರು ಮನೆಗೆ ಬಂದು, ಚಹಾ ಕುಡಿದು, ಮಕ್ಕಳು ಮರಿ ವಿಚಾರಿಸಿ, “ಭಾಳ ದುಡದೀರಿ, ಇನ್ನ ಆರಾಮ ತಗೋರಿ” ಎಂದು ಎದ್ದು ಹೋದರು. ಕೆಲಸ ಹೋಯಿತೆಂದು ಮಾಮಾನಿಗೆ ತಿಳಿದದ್ದು ಚಹಾದ ಕಪ್ಪು ಬಸಿಗಳನ್ನು ಒಳಗಿಟ್ಟ ಮೇಲೆ.

ಹೊತ್ತು ಹೋಗಲಿ ಎಂದು ಅವನಿಗೆ ಟಿವಿಯಲ್ಲಿ ಅಂತರಿಕ್ಷದ ಸಿನಿಮಾ ಹಚ್ಚಿಕೊಟ್ಟವನು ನಾನೇ. ನಾನು ಜಮಖಂಡಿಯಲ್ಲಿ ವಿಜ್ಞಾನದ ಮಾಸ್ತರ. ನನ್ನಂಥವರು ಮಾಡುವ ಉಪಕಾರಗಳು ಹೀಗೇ ಇರುತ್ತವೆ. ಮಾಮಾ ಟಿವಿಗೆ ಮೂಗು ತಾಗಿಸಿ ಕೂತ. ಶತ್ರುವಿನ ಗುಂಡು ನೌಕೆಗೆ ಹೊರಗೆಲ್ಲೋ ಬಡಿಯಿತು. ಒಳಗಿನ ಪ್ಯಾನಲ್ಲಿನಿಂದ ಕಿಡಿ ಹಾರಿ ಒಬ್ಬ ಅಧಿಕಾರಿ ಪಲ್ಟಿ ಹೊಡೆದು ಸತ್ತ.

“ಲೇ, ಫ್ಯೂಜ್ ಇಲ್ಲೇನಲೇ ಇದಕ್ಕ? ನಮ್ಮ ಎಂಟ ಲೂಮಿನ ಶೆಡ್ಡಿಗೂ ಫ್ಯೂಜ್ ಐತಿ!”

“ಕತಿ ಅದು ಮಾಮಾ, ಖರೆ ಅಲ್ಲ.”

“ಕತಿಯೊಳಗ ಕರೆಂಟ್ ಹೊಡಿಯಂಗಿಲ್ಲೇನ? ಮತ್ತ ಈಗ ಅವ ಯಾಕ ಸತ್ತ?”

ಬಿ.ಎಸ್ಸಿ. ಮಾಡಿದ ನಾನು ರಿಮೋಟ್ ಹುಡುಕತೊಡಗಿದೆ. ನೌಕೆಯ ಕ್ಯಾಪ್ಟನ್, ಶಕ್ತಿ ಎಷ್ಟು ಉಳಿದಿದೆ ಎಂದು ಪಕ್ಕದವನನ್ನು ಕೇಳಿದ. ಮಾಮಾನಿಗೆ ರೇಗಿತು. “ಮುಂದನ ಮೀಟರ್ ಐತಿ, ನೋಡಾಕ ಏನ ಧಾಡಿ ಅವಗ? ಕಣ್ಣ ಕಾಣಂಗಿಲ್ಲೇನ?” ಎಂದವನು ಟಿವಿಯಿಂದ ಮೂಗು ಹಿಂದಕ್ಕೆ ಎಳೆದುಕೊಂಡ. ಅವನ ಹೆಂಡತಿ, ನನ್ನ ಅತ್ತೆ, ಎದ್ದು ಬಂದು ಟಿವಿಯ ಸದ್ದು ಹೆಚ್ಚಿಸಿದಳು.

ನನಗೆ ಬುದ್ಧಿ ಕಲಿಸಲೆಂದು ಒಂದು ಭಾನುವಾರ ನನ್ನ ಗಾಡಿಯ ಹಿಂದೆ ಕೂತು ಗಲಗಲಿಗೆ ಕರೆದೊಯ್ದ. ಅಲ್ಲಿ ಕೃಷ್ಣೆಯ ದಂಡೆಯಲ್ಲಿ ಹೊಲಗಳಿಗೆ ನೀರೆತ್ತುವ ಪಂಪ್‌ಹೌಸ್ ಇದೆ. ಆಪರೇಟರ್ ಮಾಮಾನ ದೋಸ್ತ. ಗೋಡೆಯ ಮೇಲೆ ಕಬ್ಬಿಣದ ಪ್ಯಾನಲ್, ಅದಕ್ಕೆ ಅರಿಷಿಣ ಕುಂಕುಮ, ಮೇಲೊಂದು ನಿಂಬೆಹಣ್ಣು.

“ಇದಕ್ಕ ಪ್ಯಾನಲ್ ಅಂತಾರ,” ಎಂದು ಮಾಮಾ ನನ್ನ ಕೈ ಹಿಡಿದು ಅದರ ಮೇಲೆ ಆಡಿಸಿದ. “ನೋಡ, ನಿಂದ್ರಸೂ ಗುಂಡಿ ಉಬ್ಬೇತಿ, ಚಾಲೂ ಗುಂಡಿ ಒಳಗ ಐತಿ. ಹೊಗಿ ತುಂಬಿದ್ರೂ ಕೈಗೆ ಸಿಗತೈತಿ. ದೀಪದ ಮ್ಯಾಲ ಬೆರಳ ಇಡು. ಬಿಸಿ ಐತಿಲ್ಲ? ಅಂದ್ರ ಖರೇನ ಹತ್ತೇತಿ. ಪ್ಯಾನಲ್ ಯಾವತ್ತೂ ಸುಳ್ಳ ಹೇಳಬಾರದು. ಆ ಸಿನಿಮಾದಾಗ ಬರೇ ಗಾಜ! ಹಡಗ ಅಳ್ಳಾಡೂ ಮುಂದ ಬೆರಳ ಎಲ್ಲಿ ಹೋಗಬೇಕು? ಹೋಗಲಿ, ಒಂದ ನಿಂಬಿಹಣ್ಣರ ಕಟ್ಯಾರೇನ?”

ನಿಂಬೆಹಣ್ಣು ಕಟ್ಟಿಲ್ಲವೆಂಬುದನ್ನು ವಿಜ್ಞಾನದ ಮಾಸ್ತರನಾಗಿ ನಾನು ಒಪ್ಪಲೇಬೇಕಾಯಿತು.

ಟೀಕೆ ಮಾಡಿ ಸುಮ್ಮನಿದ್ದಿದ್ದರೆ ನಾನೂ ಅತ್ತೆಯೂ ಬದುಕಿಕೊಳ್ಳುತ್ತಿದ್ದೆವು. ಮಾಮಾ ತಾನೇ ಪ್ಯಾನಲ್ ಮಾಡಲು ಕೂತ! ಗುಜರಿಗೆ ಹಾಕಿದ ಲೂಮುಗಳ ಹಿಡಿಕೆ, ಸ್ಟಾರ್ಟರು, ಕೆಂಪು ದೀಪ ಎಲ್ಲ ತಂದು ಒಂದು ಹಲಗೆಗೆ ಜಡಿದು, ಅದನ್ನು ಪಡಸಾಲೆಯ ಗೋಡೆಗೆ ಹೊಡೆದು, ಎದುರಿಗೆ ಕುರ್ಚಿ ಹಾಕಿದ. ಮನೆಯ ಅಷ್ಟೂ ಕರೆಂಟು ಅದರ ಮೂಲಕವೇ ಹೋಗಬೇಕು. ಬಿಳಿ ಬಣ್ಣದಲ್ಲಿ ಹೆಸರು ಬರೆದ: ಫ್ಯಾನು, ನೀರು, ಟಿವಿ, ಮಿಕ್ಸರ್. ತಿಂಗಳ ಮೇಲೆ ಅಳಿಸಿ ದೊಡ್ಡದಾಗಿ ಬರೆದ. ಮತ್ತೆ ಅಳಿಸಿ ಇನ್ನೂ ದೊಡ್ಡದಾಗಿ. ಈಗ ಜಾಗ ಸಾಲದೆ ಹಲಗೆಯ ಮೇಲೆ ‘ನೀ’ ಇದೆ, ‘ರು’ ಗೋಡೆಗೆ ಹೋಗಿದೆ.

ಅಡುಗೆಮನೆಯಿಂದ ಅತ್ತೆ ಕೂಗಬೇಕು. “ಮಿಕ್ಸರ್ ಚಾಲೂ ಮಾಡ್ರೀ!”

“ಯಾ ಕೆಲಸಕ್ಕ?”

“ಶೇಂಗಾ ಚಟ್ನಿಗ್ರಿ.”

“ಎಷ್ಟ ನಿಮಿಷ?”

“ನಿಮ್ಮ ಹಲ್ಲಿಗೆ ಸಿಗದಂಗ ಆಗೂ ತನಕ!”

ಆಮೇಲೆ ನನ್ನ ಕಡೆ ತಿರುಗಿ, “ರೊಟ್ಟಿ ಕೈಲೇ ಬಡೀತೇನಿ, ಅಷ್ಟ ಪುಣ್ಯಾ ನಂದು” ಎನ್ನುವಳು.

ಅತ್ತೆ ಮದುವೆಯಾಗಿ ಬಂದಾಗಿನಿಂದ ಮನೆಯಲ್ಲಿ ಕಂಡಕಿ ಸುತ್ತುವವಳು. ಕಂಡಕಿ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆ. ಕಡಿದ ಎಳೆಗೆ ಅವಳು ಕಣ್ಣು ಹಾಯಿಸದೆ ಗಂಟು ಹಾಕುತ್ತಾಳೆ. ಒಂದು ದಿನ ಮೆಲ್ಲಗೆ ಹೇಳಿದಳು: “ಒಂದೊಂದ ಹಿಡಿಕಿಗೆ ನೂಲ ಕಟ್ಟತೇನ್ರಿ. ಒಂದಕ್ಕ ಒಂದ ಗಂಟ, ಇನ್ನೊಂದಕ್ಕ ಎರಡ. ಕೈಗೆ ತಿಳೀತೈತಿ.”

ಮಾಮಾ ಹಾರಿಬಿದ್ದ. “ನಂದೇನ ಕಣ್ಣ ಹೋಗ್ಯಾವೇನ? ಮುಟ್ಟಿದ್ರ ನೋಡ ಮತ್ತ!”

ನೋಡಿದಿರಾ? ಹೊಗೆಯಲ್ಲೂ ಕೈಗೆ ಸಿಗುವ ಪ್ಯಾನಲ್ ಬೇಕೆಂದು ಜಗತ್ತಿನ ಎಲ್ಲ ನೌಕೆಗಳನ್ನು ಬನಹಟ್ಟಿಯಲ್ಲೇ ತಡೆದು ನಿಲ್ಲಿಸಿದವನಿಗೆ ತನ್ನ ಮನೆಯಲ್ಲಿ ಒಂದೆಳೆ ನೂಲು ಬೇಡ! ಊರಿಗೆಲ್ಲ ಬುದ್ಧಿ ಹೇಳುವವರನ್ನು ಏನು ಮಾಡಬೇಕು? ಮೂರು ಸಲ ಎಡವಿ, ಒಂದು ಸಲ ಫ್ಯಾನಿಗೆಂದು ಮಿಕ್ಸರ್ ಹಚ್ಚಿ, ಅದರೊಳಗಿದ್ದ ಅತ್ತೆಯ ಬೆರಳು ಕೊಯ್ದು ಕೂದಲೆಳೆಯಲ್ಲಿ ಉಳಿದ ಮೇಲೂ ಅವನು ಬಗ್ಗಲಿಲ್ಲ. ಅಂದು ಅತ್ತೆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಏನೂ ಆಗಿಲ್ಲ ಎಂದಳು. ನಾನು ಆಸೆ ಬಿಟ್ಟೆ.

ಹೋದ ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತಿದ್ದೆವು. ಮಾಮಾ ಕುರ್ಚಿಯಿಂದ ಎದ್ದು ನೀರಿನ ಹಿಡಿಕೆ ಎಳೆದ. ಹಿತ್ತಲಲ್ಲಿ ಮೋಟಾರು ಗುಂಯ್ ಎಂದಿತು, ಟಾಕಿಗೆ ನೀರು ಬೀಳತೊಡಗಿತು. ಹಲಗೆಯ ಮೇಲೆ ಕೆಂಪು ದೀಪ ಝಗ್ ಎಂದು ಹತ್ತಿತು.

“ಮೋಟಾರ್ ಚಾಲೂ ಆತು,” ಎಂದ ಮಾಮಾ. “ದೀಪ ಯಾಕ ಹತ್ತಲಿಲ್ಲೋ?”

ದೀಪ ಅವನ ಮೂಗಿನ ಮುಂದೆ ಗೇಣು ದೂರದಲ್ಲಿತ್ತು. ಅವನ ಗಲ್ಲದ ಮೇಲೆ ಅದರ ಕೆಂಪು ಬಿದ್ದಿತ್ತು. ಅತ್ತೆ ಬಾಗಿಲಲ್ಲೇ ನಿಂತಳು.

“ಬಲ್ಬ್ ಹೋಗಿರಬೇಕು ಮಾಮಾ,” ಎಂದೆ. “ನಾಳೆ ಜಮಖಂಡಿಯಿಂದ ಹೊಸಾದು ತರ್ತೇನಿ.”

ಮಾಮಾ ಹಲಗೆಯನ್ನು ತಡವುತ್ತ ಹೋಗಿ ದೀಪ ಹುಡುಕಿ ಅದರ ಮೇಲೆ ಬೆರಳಿಟ್ಟ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ.

“ಬಿಸಿ ಐತಿ,” ಎಂದ.

ಹಿತ್ತಲಲ್ಲಿ ಟಾಕಿಗೆ ನೀರು ಬೀಳುತ್ತಲೇ ಇತ್ತು.

“ಮಾಸ್ತರ, ಪ್ಯಾನಲ್ ಸುಳ್ಳ ಹೇಳಬಾರದಂತ ಎಷ್ಟ ಸಲ ಹೇಳೇನೋ ನಿನಗ?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಬೈದಿದ್ದರೆ ನಾನು ಅಳುತ್ತಿರಲಿಲ್ಲ. ನನ್ನ ತಲೆಯ ಮೇಲೆ ಕೈಯಿಡಲು ಹೋಗಿ ಭುಜ ಹುಡುಕಿ, ಅಲ್ಲೇ ತಟ್ಟಿದ. ಆಮೇಲೆ ಬಾಗಿಲ ಕಡೆ ತಿರುಗಿ, “ಏ, ನೂಲ ತಗೊಂಬಾ” ಎಂದ.

ಅತ್ತೆ ನೂಲು ತರಲು ಒಳಗೆ ಹೋಗಲಿಲ್ಲ. ಕಂಡಕಿ ಅವಳ ಸೊಂಟದಲ್ಲೇ ಇತ್ತು. ಎಷ್ಟು ದಿನದಿಂದ ಅಲ್ಲಿತ್ತೋ! ಬಂದು ಅವನ ಪಕ್ಕದಲ್ಲಿ ನಿಂತು ಒಂದೊಂದೇ ಹಿಡಿಕೆಗೆ ಎಳೆ ಸುತ್ತಿ ಗಂಟು ಹಾಕತೊಡಗಿದಳು. ಫ್ಯಾನಿಗೆ ಒಂದು, ನೀರಿಗೆ ಎರಡು, ಟಿವಿಗೆ ಮೂರು. ಪ್ರತಿ ಸಲವೂ ಅವನ ಬೆರಳು ಹಿಡಿದು ಗಂಟಿನ ಮೇಲೆ ಇಟ್ಟು ತೋರಿಸಿದಳು.

“ಮಿಕ್ಸರಿಗೆ ಎಷ್ಟ ಹಾಕಲ್ರಿ?”

ಮಾಮಾ ಅವಳ ಬೆರಳಿನ ಹಳೆಯ ಗಾಯವನ್ನು ತಡವಿ ನೋಡಿದ.

“ಅದಕ್ಕ ಬ್ಯಾಡ,” ಎಂದ. “ಅದನ್ನ ಇನ್ನ ನೀನ ಚಾಲೂ ಮಾಡ್ಕೊ. ನನ್ನ ಕೇಳಬ್ಯಾಡ.”