ಇಂಜಿನ್ ಆರಿಸಬೇಡಿ

ಮಳೆ ಜಿನುಗುತ್ತಿದ್ದ ಸಂಜೆ ಗ್ರಂಥಪಾಲಕ ಮನೆ ಮುಂದೆ ನಿಲ್ಲಿಸಿದ ಕಾರಿನೊಳಗೇ ಕೂತು ಪುಸ್ತಕ ಓದಿದ. ತಲೆಯ ಮೇಲೆ ಪುಟ್ಟ ದೀಪ, ಗಾಜಿನ ಮೇಲೆ ಇಳಿಯುವ ನೀರು. ಕೆರೆಯ ತಳದಲ್ಲಿರುವ ಕೋಣೆಯೊಂದರಲ್ಲಿ ಕೂತಂತೆ ಅನ್ನಿಸಿತು. ಪುಸ್ತಕ ಮುಗಿದಾಗ ಅದೇ ಗುಂಗಿನಲ್ಲಿ ಇಳಿದು ಹೋದ. ದೀಪ ಬೆಳಗಿನವರೆಗೂ ಉರಿಯುತ್ತಲೇ ಇತ್ತು.

ಮರುದಿನ ಒಂಬತ್ತಕ್ಕೆ ಅಕ್ಕನ ಕೈ ಹಿಡಿದು ತಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಆಪರೇಷನ್ ಆಗಿ ಹತ್ತು ದಿನ, ಎರಡೂ ಕಣ್ಣಿಗೆ ಪಟ್ಟಿ. ಬಿಚ್ಚಬೇಕಾದ ಡಾಕ್ಟರು ಹನ್ನೊಂದಕ್ಕೆ ಊರು ಬಿಡುವವರು. ಮತ್ತೆ ಸಿಗುವುದು ಮುಂದಿನ ವಾರವೇ. ಇನ್ನೊಂದು ವಾರ ಕತ್ತಲೆಯಲ್ಲಿ ಕೂರಲು ಅಕ್ಕ ಸುತರಾಂ ತಯಾರಿರಲಿಲ್ಲ.

ಕೀ ತಿರುಗಿಸಿದ. ‘ಟಿಕ್’ ಎಂದಿತು. ಇನ್ನೊಮ್ಮೆ ತಿರುಗಿಸಿದಾಗ ಇನ್ನೂ ಸಣ್ಣಗೆ ‘ಟಿಕ್’. ನಿದ್ದೆಯಲ್ಲಿರುವವರನ್ನು ಕರೆದರೆ ‘ಹ್ಞೂಂ’ ಅಂದು ಮಗ್ಗುಲಾಗುತ್ತಾರಲ್ಲ, ಹಾಗೆ.

ಎದುರಂಗಡಿಯ ದರ್ಜಿ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದ. “ಏನ್ಸಾರ್, ಸ್ಟಾರ್ಟ್ ಆಗ್ತಿಲ್ವಾ?”

“ಇಲ್ಲ ಮಾರಾಯ್ರೇ. ನಿನ್ನೆ ಒಳಗಿನ ಲೈಟು...”

“ಲೈಟಿನ ಮಾತು ಬಿಡಿ. ಇದು ಸ್ಟಾರ್ಟರ್ ಮೋಟರು. ನನ್ನ ಮಷೀನೂ ಹೀಗೇ ಸುಮ್ಮನಾಗಿತ್ತು.” ಬಾನೆಟ್ ಎತ್ತಿಸಿ, ಅಳತೆ ತೆಗೆಯುವವನಂತೆ ಇಂಜಿನ್ನನ್ನು ಹೆಗಲಿಂದ ಸೊಂಟದವರೆಗೆ ನೋಡಿದ.

ಪಕ್ಕದ ಬ್ಯೂಟಿ ಪಾರ್ಲರಿನಾಕೆಯೂ ಬಂದಳು. “ಮಳೆ ನೀರು ಇಳ್ದಿದೆ, ಅಷ್ಟೇ.”

“ಅಲ್ಲ ಮೇಡಂ, ಲೈಟು...”

ಅಷ್ಟರಲ್ಲಿ ಅವಳು ಉದ್ದದ ವೈರು ಎಳೆದು, ಕೂದಲು ಒಣಗಿಸುವ ಮಷೀನು ಹಿಡಿದು ನಿಂತಾಗಿತ್ತು. ಬಿಸಿ ಗಾಳಿಗೆ ಕಾರಿಗೆ ಇನ್ನಷ್ಟು ಜೊಂಪು ಹತ್ತಿತು. ಗ್ರಂಥಪಾಲಕನಿಗೂ ಆಕಳಿಕೆ ಬಂತು.

ಕೊನೆಗೆ ಅದೇ ಬೀದಿಯ ರಿಟೈರಾದ ಬಸ್ ಡ್ರೈವರ್ ಬಂದು, ಹೆಡ್‌ಲೈಟ್ ಹಾಕಿಸಿ ನೋಡಿದ. ಬೆಳಕು ಮಬ್ಬಾಗಿ ಕಣ್ಣುಜ್ಜಿಕೊಂಡಿತು. “ಬ್ಯಾಟರಿ ಮಲಗಿದೆ. ರಾತ್ರಿ ಯಾವುದೋ ಲೈಟು ಉರೀತಾ ಇತ್ತು.”

“ಅದನ್ನೇ ನಾನು ಆಗಿನಿಂದ...”

“ಗೊತ್ತಿದ್ರೆ ಮೊದ್ಲೇ ಹೇಳೋದಲ್ವಾ ಸಾರ್?” ಮೂವರೂ ಸೇರಿ ಗದರಿದರು.

ಮನೆಯ ಮುಂದೆ ಒಳ್ಳೆಯ ಇಳಿಜಾರು. “ಎರಡನೇ ಗೇರು ಹಾಕಿ ಕ್ಲಚ್ ಒತ್ತಿ ಹಿಡೀರಿ. ನಾನು ‘ಬಿಡಿ’ ಅಂದಾಗ ಬಿಡಿ, ಇಂಜಿನ್ ಹತ್ಕೊಳ್ಳುತ್ತೆ,” ಎಂದ ಡ್ರೈವರ್. ಮೂವರೂ ಹಿಂದಿನಿಂದ ತಳ್ಳಿದರು. ಕಾರು ಸದ್ದಿಲ್ಲದೆ ಜಾರತೊಡಗಿತು.

“ದೋಣಿ ಥರ ಇದೆ ಕಣೋ,” ಎಂದಳು ಅಕ್ಕ. “ಏನೇನು ಕಾಣ್ತಿದೆ, ಹೇಳು.”

“ನೀಲಿ ಗೇಟು ಅಕ್ಕ. ಆಮೇಲೆ ತಂತಿ ಮೇಲೆ ಬಿಳಿ ದುಪ್ಪಟಿಗಳು, ಗಾಳಿ ತುಂಬ್ಕೊಂಡು ಹಾರೋ ಹಾಗಿವೆ. ಕಾಂಪೌಂಡ್ ಮೇಲೆ ಒಂದು ಬೆಕ್ಕು ಬಿಸಿಲು ಕಾಯಿಸ್ತಾ...”

“ಬಿಡಿ, ಬಿಡಿ, ಬಿಡಿ,” ಎಂದು ಹಿಂದೆ ಯಾರೋ ಕೂಗುತ್ತಿರುವುದು ಬೇರೆ ಲೋಕದಿಂದ ಬಂದಂತೆ ಕೇಳಿಸಿತು. ಬೆಕ್ಕು ಎದ್ದು ಮೈಮುರಿಯಿತು. ಇಳಿಜಾರು ಮುಗಿಯಿತು. ಕಾರು ನಿಂತಿತು.

ಅದನ್ನು ಮತ್ತೆ ಮೇಲಕ್ಕೆ ತಳ್ಳುವಷ್ಟರಲ್ಲಿ ದರ್ಜಿಯ ಅಂಗಿಯ ಹೊಲಿಗೆಯೇ ಬಿಟ್ಟಿತ್ತು. “ಈ ಸಲ ಏನೂ ನೋಡ್ಬೇಡಿ ಸಾರ್,” ಎಂದ ಡ್ರೈವರ್ ಏದುಸಿರು ಬಿಡುತ್ತ. ಗ್ರಂಥಪಾಲಕ ಬೆಕ್ಕಿನ ಕಡೆ ತಿರುಗದೆ, ಹೇಳಿದಾಗಲೇ ಕ್ಲಚ್ ಬಿಟ್ಟ. ಕಾರು ಕೆಮ್ಮಿತು, ನಡುಗಿತು, ಎಚ್ಚರವಾಯಿತು.

“ಒಂದು ಗಂಟೆ ಇಂಜಿನ್ ಆರಿಸಬೇಡಿ,” ಡ್ರೈವರ್ ಓಡಿ ಬಂದು ಕಿಟಕಿಯಲ್ಲಿ ಹೇಳಿದ. “ಆರಿಸಿದ್ರೆ ಮುಗೀತು.”

ಆಸ್ಪತ್ರೆ ತಲುಪಿದಾಗ ಹತ್ತೂ ನಲವತ್ತು. ಜಾಗ ಹುಡುಕುವಷ್ಟು ಹೊತ್ತಿರಲಿಲ್ಲ. ಬಾಗಿಲ ಬಳಿಯೇ ಇಂಜಿನ್ ಆರಿಸದೆ ನಿಲ್ಲಿಸಿ, “ಸ್ವಲ್ಪ ಗಾಡಿ ನೋಡ್ಕೊಳ್ಳಿ,” ಎಂದು ವಾಚ್‌ಮನ್‌ಗೆ ಹೇಳಿ ಅಕ್ಕನನ್ನು ಒಳಗೆ ಕರೆದೊಯ್ದ.

ಪಟ್ಟಿ ಬಿಚ್ಚಿದರು. ಅಕ್ಕ ಕಿಟಕಿಯ ಪರದೆ ನೋಡಿದಳು, ಪರದೆಯಂಚಿನ ಬಿಸಿಲು ನೋಡಿದಳು, ಆಮೇಲೆ ತಮ್ಮನನ್ನು ನೋಡಿದಳು. “ಮೀಸೇಲಿ ಬಿಳಿ ಬಂದಿದ್ಯಲ್ಲೋ,” ಅಂದಳು. ಗ್ರಂಥಪಾಲಕನಿಗೆ ನೆಲದಿಂದ ಗೇಣೆತ್ತರ ತೇಲಿದಂತಾಯಿತು.

“ಒಂದು ತಿಂಗಳು ಭಾರ ಎತ್ತಬೇಡಿ,” ಎಂದ ಡಾಕ್ಟರು ತಮ್ಮ ಬ್ಯಾಗು ಹಿಡಿದು ಜೊತೆಯಲ್ಲೇ ಹೊರಬಂದರು.

ಹೊರಗೆ ತುಂಬ ಪ್ರಶಾಂತವಾಗಿತ್ತು. ಬೇಕಾದ್ದಕ್ಕಿಂತ ಹೆಚ್ಚೇ ಪ್ರಶಾಂತವಾಗಿತ್ತು.

“ಮರ್ತು ಆನ್‌ನಲ್ಲೇ ಬಿಟ್ಟು ಹೋಗಿದ್ರಿ ಸಾರ್,” ವಾಚ್‌ಮನ್ ಕೀ ಚಾಚಿದ. ಅವನ ಮುಖ ಉಪಕಾರ ಮಾಡಿದ ಖುಷಿಯಿಂದ ಬೆಳಗುತ್ತಿತ್ತು. “ನೀವು ಆ ಕಡೆ ಹೋದ ತಕ್ಷಣ ಆಫ್ ಮಾಡ್ದೆ.”

ಆ ಮುಖ ನೋಡಿ ಗ್ರಂಥಪಾಲಕ “ಥ್ಯಾಂಕ್ಸ್” ಅಂದ. ಒಳಗೆ ಕೂತು ಕೀ ತಿರುಗಿಸಿದ. ‘ಟಿಕ್’. ಇಳಿದು ಬಂದ. ನಾಲ್ಕೂ ಕಡೆ ಹಲಗೆಯಂತೆ ಸಮತಟ್ಟು ನೆಲ. ಅವನ ಕಾರಿನ ಹಿಂದೆ, ಗೋಡೆಗೂ ಇದಕ್ಕೂ ನಡುವೆ ಹೊರಬರಲಾಗದೆ ಸಿಕ್ಕಿಕೊಂಡ ಡಾಕ್ಟರ ಕಾರು.

ಡಾಕ್ಟರು ವಾಚು ನೋಡಿಕೊಂಡರು. ಕಾರಿನ ಸುತ್ತ ಒಂದು ಸುತ್ತು ಬಂದರು. ಬ್ಯಾಗು ಕೆಳಗಿಟ್ಟು ಅಂಗಿಯ ತೋಳು ಮಡಚಿದರು. ವಾಚ್‌ಮನ್ ಟೊಪ್ಪಿ ತೆಗೆದಿಟ್ಟ.

“ಡಾಕ್ಟ್ರೇ,” ಅಕ್ಕ ಸೆರಗು ಸಿಕ್ಕಿಸಿಕೊಳ್ಳುತ್ತ ಕೇಳಿದಳು, “ಭಾರ ಎತ್ತಬಾರದು ಅಂದ್ರಿ, ಸರಿ. ತಳ್ಳಬಹುದಾ?”

ಡಾಕ್ಟರು ಮತ್ತೊಮ್ಮೆ ವಾಚು ನೋಡಿ, ತುಸು ಯೋಚಿಸಿ ಹೇಳಿದರು: “ಕಣ್ಣು ಮುಚ್ಕೊಂಡು ತಳ್ಳಿ.”