ಭಾನುವಾರದ ಗೇಣು

ಅನುಮಾನ ನನಗೆ ಹುಟ್ಟಿನಿಂದ ಬಂದದ್ದೋ, ಮೈಸೂರಿನಲ್ಲಿ ಎಂ.ಎ. ಓದುವಾಗ ಅಂಟಿಕೊಂಡದ್ದೋ ಎಂಬ ವಿಷಯದಲ್ಲೇ ನನಗೆ ಅನುಮಾನವಿದೆ. ಮನೆಗೆ ಬೀಗ ಹಾಕಿ ಚಳ್ಳಕೆರೆ ಬಸ್ ನಿಲ್ದಾಣದವರೆಗೆ ನಡೆದು, ಬೀಗ ಹಾಕಿದೆನೋ ಇಲ್ಲವೋ ಎಂದು ಹಿಂದಿರುಗಿ, ಜಗ್ಗಿ ನೋಡಿ, ಮತ್ತೆ ಹೋಗುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಜಗ್ಗಿ ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಪ್ರಶ್ನೆ ಹುಟ್ಟುವುದು ಆಮೇಲೆ. ಇಂಥ ನನಗೆ ಇಡೀ ಬದುಕಿನಲ್ಲಿ ಒಂದೇ ಒಂದು ಸಂಗತಿಯ ಬಗ್ಗೆ ಖಾತ್ರಿಯಿತ್ತು. ಟಿ.ವಿ.ಯ ಆ ದೇಶಭಕ್ತಿ ಧಾರಾವಾಹಿಯಲ್ಲಿ ನಾಯಕನನ್ನು ನೇಣಿಗೆ ಹಾಕಿದ ಭಾನುವಾರ ನಾನು ಅಳಲಿಲ್ಲ.

ಆ ಧಾರಾವಾಹಿ ಬರುತ್ತಿದ್ದ ವರ್ಷಗಳನ್ನು ಕಂಡವರಿಗೆ ಇದು ಸಣ್ಣ ಸಾಧನೆಯಲ್ಲವೆಂದು ಗೊತ್ತಿರುತ್ತದೆ. ಭಾನುವಾರ ಬೆಳಿಗ್ಗೆ ಪೇಟೆಯಲ್ಲಿ ಎಣ್ಣೆ ಗಾಣದ ಸದ್ದೂ ನಿಲ್ಲುತ್ತಿತ್ತು. ಸ್ವಾತಂತ್ರ್ಯ ಹೋರಾಟಕ್ಕೆ ಹೋಗಲಾಗದ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಜನ ಅದರ ಧಾರಾವಾಹಿಯನ್ನು ಒಂದು ವಾರವೂ ತಪ್ಪಿಸಲಿಲ್ಲ. ಮುಖಕ್ಕೆ ಪೌಡರ್ ಬಳಿದುಕೊಂಡ ಬ್ರಿಟಿಷ್ ಅಧಿಕಾರಿ ಪ್ರತಿ ವಾರ ಒಂದೇ ಕುದುರೆಯಿಂದ ಇಳಿಯುತ್ತಿದ್ದ. ಗುಂಡು ಬಿದ್ದವರು ಬೀಳದವರಿಗಿಂತ ಹೆಚ್ಚು ಹೊತ್ತು ಮಾತಾಡುತ್ತಿದ್ದರು. ಇದನ್ನೆಲ್ಲ ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪಾಠದ ನಡುವೆ ಹೇಳುತ್ತಿದ್ದೆ. ಕಣ್ಣೀರು ಕೂಡ ಹೇಗೆ ತಯಾರಾಗುತ್ತದೆ ಎಂದು ವಿವರಿಸಿ, ಕೊನೆಗೆ ಸ್ವಲ್ಪ ತಡೆದು, "ಇಡೀ ದೇಶ ಅತ್ತ ದಿನ ಈ ಸೀಮೆಯಲ್ಲಿ ಒಣಗಿದ್ದ ಕಣ್ಣು ನನ್ನವು ಮಾತ್ರ" ಎಂದು ಮುಗಿಸುತ್ತಿದ್ದೆ. ಎಷ್ಟೋ ಬ್ಯಾಚುಗಳು ಈ ವಾಕ್ಯವನ್ನು ನೋಟ್ಸಿನಲ್ಲಿ ಬರೆದುಕೊಂಡು ಪಾಸಾಗಿವೆ.

ಹಾಗಾಗಿ ಆಗಸ್ಟ್ ಹದಿನೈದರ ಸಮಾರಂಭಕ್ಕೆ 'ರಾಷ್ಟ್ರಜೀವನದಲ್ಲಿ ದೇಶಭಕ್ತಿ ಧಾರಾವಾಹಿಗಳ ಪಾತ್ರ' ಎಂಬ ಭಾಷಣ ಬೇಕಾದಾಗ ನಮ್ಮ ಪ್ರಿನ್ಸಿಪಾಲರು ನೇರವಾಗಿ ನನ್ನ ಬಳಿ ಬಂದರು. "ನೀವೇ ಆಗಬೇಕು ಸಾರ್. ಅತ್ತಿರೋರೆಲ್ಲ ಹೇಳಿ ಆಗೈತೆ, ಅಳದೇ ಇರೋರು ನೀವೊಬ್ಬರೇ" ಎಂದರು. ಹೊಗಳಿದರೋ ಛೇಡಿಸಿದರೋ ಎಂಬ ಅನುಮಾನವನ್ನು ಪಕ್ಕಕ್ಕಿಟ್ಟು ಒಪ್ಪಿಕೊಂಡೆ.

ಭಾಷಣ ಬರೆದು ನಡುಮನೆಯಲ್ಲಿ ಗಟ್ಟಿಯಾಗಿ ಓದಿ ನೋಡುತ್ತಿದ್ದೆ. ನನ್ನ ಹೆಂಡತಿ ಲಲಿತ ತನ್ನ ಧಾರೆಸೀರೆಯನ್ನು ನೆರಳಿನಲ್ಲಿ ಹರವಿ ಮಡಿಕೆ ಬದಲಿಸುತ್ತಿದ್ದಳು. ಸಮಾರಂಭಕ್ಕೆ ಅದನ್ನೇ ಉಡಬೇಕೆಂದಿದ್ದಳು. ಮೊಳಕಾಲ್ಮೂರಿನ ರೇಷ್ಮೆ. ಅವಳ ಅಪ್ಪನೇ ನೇಯ್ದದ್ದು. ಹಸಿರು ಮೈ, ಕೆಂಪು ಅಂಚು, ಅಂಚಿನುದ್ದಕ್ಕೂ ಗಿಣಿಗಳ ಸಾಲು. ನಾನು "ಒಣಗಿದ್ದ ಕಣ್ಣು ನನ್ನವು ಮಾತ್ರ" ಎನ್ನುವುದಕ್ಕೂ ಅವಳು ನಗುವುದಕ್ಕೂ ಸರಿಹೋಯಿತು.

"ಯಾಕೆ?"

"ಏನಿಲ್ಲ ಬಿಡ್ರಿ. ಓದ್ರಿ."

"ನಕ್ಕಿದ್ಯಾಕೆ ಹೇಳು."

ಅವಳು ಸೀರೆಯನ್ನು ಸರಸರ ಜಾರಿಸಿ ಒಂದು ಜಾಗಕ್ಕೆ ಬಂದು ಬೆರಳಿಟ್ಟಳು. ಸಾಲಿನ ನಡುವೆ ಒಂದು ಗಿಣಿಗೆ ಕತ್ತೇ ಇರಲಿಲ್ಲ. ತಲೆ ನೇರವಾಗಿ ಮೈಮೇಲೆ ಕೂತಿತ್ತು. "ಇದು ನೀವು ಅತ್ತಿದ್ದು" ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಆ ವರ್ಷಗಳಲ್ಲಿ ಟಿ.ವಿ.ಯನ್ನು ಮಗ್ಗಕ್ಕೆ ಎದುರಾಗಿಯೇ ಇಡುತ್ತಿದ್ದರು. ಸೀರೆ ಸೋಮವಾರ ಅಂಗಡಿಗೆ ಹೋಗಬೇಕು, ಧಾರಾವಾಹಿ ಭಾನುವಾರ ಬರುತ್ತದೆ, ಎರಡನ್ನೂ ಬಿಡುವಂತಿಲ್ಲ. ಕಾಲು ಮಗ್ಗದ ಕುಣಿಯಲ್ಲಿ, ಕೈ ಲಾಳಿಯ ಮೇಲೆ, ಕಣ್ಣು ದೇಶದ ಮೇಲೆ. ಲಾಠಿಚಾರ್ಜಿನ ವಾರ ನೂಲು ಬಿಗಿಯಾಗುತ್ತಿತ್ತು, ಜೈಲಿನ ವಾರ ಸಡಿಲವಾಗುತ್ತಿತ್ತು. ಸೀರೆ ಕೊಳ್ಳುವ ವ್ಯಾಪಾರಿಗಳು ಇದನ್ನು ಬಲ್ಲವರು. ಅವರು ಸೀರೆಯನ್ನು ಪೂರ್ತಿ ಬಿಡಿಸುತ್ತಲೇ ಇರಲಿಲ್ಲ. "ಭಾನುವಾರದ ಗೇಣು ಎಲ್ಲೈತೆ ತೋರ್ಸ್ರಿ" ಎಂದು ಆ ಒಂದು ಗೇಣನ್ನಷ್ಟೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ರಾಷ್ಟ್ರಜೀವನದಲ್ಲಿ ಧಾರಾವಾಹಿಗಳ ಪಾತ್ರವನ್ನು ಇಷ್ಟು ಖಚಿತವಾಗಿ ಅಳೆದವರನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕಂಡಿಲ್ಲ.

ನಾನು ಹೆಣ್ಣು ನೋಡಲು ಹೋದದ್ದು ಅಂಥ ಒಂದು ಭಾನುವಾರ, ಅದೂ ನೇಣಿನ ಭಾನುವಾರ. ನನಗೆ ನೆನಪಿದ್ದದ್ದು ಹೀಗೆ: ಬೀದಿಯ ಅರ್ಧ ಜನ ಮಗ್ಗದ ಮನೆಯಲ್ಲಿ ಕೂತಿದ್ದರು. ಹೆಣ್ಣನ್ನು ಕರೆಯಿರಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಹೆಣ್ಣೂ ಬಾಗಿಲ ಹಿಂದೆ ನಿಂತು ಟಿ.ವಿ. ನೋಡುತ್ತಿತ್ತು. ಎಲ್ಲರೂ ಅತ್ತರು. ನಾನು ಅಳದೆ, ಧಾರಾವಾಹಿ ಮುಗಿದ ಮೇಲೆ, ಭಾವನೆಗಳನ್ನು ಪ್ರಭುತ್ವ ಹೇಗೆ ಬಳಸಿಕೊಳ್ಳುತ್ತದೆ ಎಂದು ಕಾಲು ಗಂಟೆ ಮಾತಾಡಿದೆ. ಮಾವ ತಲೆದೂಗಿದರು. ಆ ವಿಚಾರಶಕ್ತಿಗೆ ಮೆಚ್ಚಿ ಮಗಳನ್ನು ಕೊಟ್ಟರು. ನನ್ನ ಮದುವೆಯ ತಳಪಾಯವೇ ಅದೆಂದು ನಾನು ನಂಬಿದ್ದೆ. ಈಗ ಕತ್ತಿಲ್ಲದ ಗಿಣಿಯೊಂದು ಬಂದು ತಳಪಾಯದಲ್ಲಿ ಕೂತಿತು.

ಅಂದು ನನ್ನ ಜೊತೆ ಬಂದಿದ್ದವನು ಗೆಳೆಯ ರುದ್ರಮುನಿ. ಕೊಂಡ್ಲಹಳ್ಳಿಯಲ್ಲಿ ಮೇಷ್ಟ್ರು. ಅವನಿಗೆ ಫೋನು ಮಾಡಿದೆ.

"ಲೇ, ಹೆಣ್ಣು ನೋಡೋಕೆ ಹೋದಾಗ ನಾನು ಅತ್ತಿದ್ನೇನೋ?"

"ಹೆಣ್ಣು ನೋಡಿದ ಮೇಲಾ, ನೋಡೋಕಿಂತ ಮುಂಚೇನಾ?"

"ತಮಾಷೆ ಬೇಡ. ಟಿ.ವಿ. ನೋಡ್ತಾ."

"ಟಿ.ವಿ. ಎಲ್ಲಿತ್ತಲೇ? ನಂಗೆ ಮೆಣಸಿನಕಾಯಿ ಬಜ್ಜಿ ನೆನಪೈತೆ. ಎಂಟು ತಿಂದೆ. ಎಂಥ ಖಾರ ಅಂತೀಯ, ಎಲ್ಲರ ಕಣ್ಣಾಗೂ ನೀರು."

ನನಗೆ ಹೋದ ಜೀವ ಬಂದಂತಾಯಿತು. ಅತ್ತದ್ದಲ್ಲ, ಖಾರ. ತಕ್ಷಣ ಲಲಿತೆಗೆ ಹೇಳಿದೆ. ಅವಳು ಮಡಿಕೆಯಿಂದ ತಲೆ ಎತ್ತದೆ, "ಬಜ್ಜಿ ಯಾವಾಗ ಕೊಟ್ರು ಅಂತ ಅಪ್ಪನ್ನ ಕೇಳ್ರಿ" ಎಂದಳು. ಸಮಾರಂಭಕ್ಕೆ ಎರಡು ದಿನವಿತ್ತು. ಕೂತಲ್ಲಿ ಕೂರಲಾಗಲಿಲ್ಲ. ಬೀಗ ಜಗ್ಗುವ ಕೆಲಸವನ್ನು ಅವಳಿಗೇ ಬಿಟ್ಟು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಬಸ್ಸು ತಳಕು ದಾಟುವಷ್ಟರಲ್ಲಿ ಭಾಷಣದ ಆ ವಾಕ್ಯವನ್ನು ಮೂರು ಸಲ ಹೊಡೆದುಹಾಕಿ ಮೂರು ಸಲ ಮತ್ತೆ ಬರೆದಿದ್ದೆ.

ಮಾವ ಮಗ್ಗದಲ್ಲಿದ್ದರು. ಅದೇ ಟಿ.ವಿ. ಎದುರಿಗಿತ್ತು, ಕೆಟ್ಟು ಎಷ್ಟೋ ಕಾಲವಾಗಿ, ಮೇಲೊಂದು ಬಟ್ಟೆ ಹೊದ್ದುಕೊಂಡಿತ್ತು. ನಾನು ಕುಶಲಪ್ರಶ್ನೆಯನ್ನೂ ಕೇಳದೆ, "ಅವತ್ತು ಬಜ್ಜಿ ನೇಣಿಗಿಂತ ಮುಂಚೆ ಕೊಟ್ರೋ ಆಮೇಲೋ?" ಎಂದೆ.

ಮಾವ ಲಾಳಿ ನಿಲ್ಲಿಸದೆ ಯೋಚಿಸಿದರು. "ಆಮೇಲೆ ಅಳಿಯಂದ್ರೆ. ಅವನನ್ನ ನೇಣಿಗೆ ಕರ್ಕೊಂಡು ಹೋಗ್ತಾ ಅವ್ರೆ, ಆ ಟೈಮಲ್ಲಿ ಬಾಣಲೆ ಯಾರು ಇಡ್ತಾರೆ?"

"ಹಂಗಾದ್ರೆ ನಾನು ಅತ್ತಿದ್ದು ನಿಜಾನಾ?"

"ನೀವೇ ಅಲ್ವೇನ್ರಿ ಎಲ್ಲರನ್ನೂ ಅಳಿಸಿದ್ದು" ಎಂದರು ಮಾವ.

ನಡೆದದ್ದು ಹೀಗಂತೆ. ಧಾರಾವಾಹಿ ಹಿಂದಿಯದು. ಬೀದಿಯವರಿಗೆ ತೆಲುಗು ಬರುತ್ತಿತ್ತು, ಕನ್ನಡ ಬರುತ್ತಿತ್ತು, ಹಿಂದಿ ಬರುತ್ತಿರಲಿಲ್ಲ. ವಾರವಾರವೂ ಊಹೆಯ ಮೇಲೆ ಅಳುತ್ತಿದ್ದರು. ಅವತ್ತು ಓದಿದ ವರ ಬಂದಿದ್ದಾನೆ, ಅರ್ಥ ಹೇಳಲಿ ಎಂದರು. ನನ್ನ ಹಿಂದಿಯೆಂದರೆ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ರಜಾ ಅರ್ಜಿ ಒಂದೇ. ಹಿಂದಿಯಲ್ಲಿ ಯಾರು ಏನು ಮಾತಾಡಿದರೂ ನನಗೆ ಅವರು ಮುಖ್ಯೋಪಾಧ್ಯಾಯರಲ್ಲಿ ರಜೆ ಕೇಳುತ್ತಿರುವಂತೆಯೇ ಕೇಳಿಸುತ್ತದೆ. ಗೊತ್ತಿಲ್ಲ ಎಂದರೆ ಎಂ.ಎ. ಹೋಗುತ್ತದೆ, ಹೆಣ್ಣೂ ಹೋಗುತ್ತದೆ. ಆದ್ದರಿಂದ ನಾಯಕ ಜೈಲಿನ ಸರಳು ಹಿಡಿದು ತಾಯಿಗೆ ಏನೋ ಹೇಳಿದಾಗ ನಾನು ಬಾಯಿಗೆ ಬಂದದ್ದನ್ನು ಹೇಳಿದೆ.

"ನಾನು ಏನಂದೆ?"

"'ಅವ್ವಾ, ನಾನು ಬರೋದು ತಡ ಆಗತೈತೆ. ಬಾಗಿಲಿಗೆ ಅಗಳಿ ಹಾಕ್ಬ್ಯಾಡ' ಅಂತಾನೆ ಅಂದ್ರಿ. ಅಂದೋರು ಅಲ್ಲೇ ಅತ್ತ್ರಿ. ಟವಲ್ಲು ಕೊಟ್ಟ್ವಿ. ನಾನು ಟಿ.ವಿ. ಬಿಟ್ಟು ನಿಮ್ಮನ್ನ ನೋಡ್ತಾ ಲಾಳಿ ಎಸೀದೆ ಕಾಲು ಸುಮ್ಮನೆ ತುಳಿದೆ. ಗಿಣಿ ಕತ್ತು ಹೋಯ್ತು."

ಅತ್ತೆ ನೀರು ತಂದಿಟ್ಟು, "ಪಾಪಂ, ಹೋದ ವರ್ಷ ಸ್ಕೂಲಾಗೆ ನಾಟ್ಕ ಆಡಿದ್ರಲ್ಲ, ಅದ್ರಾಗೂ ನೇಣಿಗೆ ಹೋಗೋನು ಅದೇ ಮಾತು ಅಂದ. ಎಲ್ಲಾ ಅತ್ತ್ರು" ಎಂದರು.

ನಾನು ನೀರು ಕುಡಿದೆ. ಆ ಮಾತು ಯಾವ ಧಾರಾವಾಹಿಯದೂ ಅಲ್ಲ. ಮೈಸೂರಿನಿಂದ ಊರಿಗೆ ಬರುವ ಮುಂಚೆ ಕಾಗದದಲ್ಲಿ ನಾನು ಅವ್ವನಿಗೆ ಬರೆಯುತ್ತಿದ್ದದ್ದು ಅದನ್ನೇ. ಕೊನೆಯ ಸಲ ಬರೆದಾಗ ನಿಜಕ್ಕೂ ತಡವಾಗಿತ್ತು. ಮನೆ ತುಂಬ ಜನರಿದ್ದರು, ಬಾಗಿಲು ತೆರೆದೇ ಇತ್ತು, ಅವ್ವ ಇರಲಿಲ್ಲ. ಅಥವಾ ಕಾಗದದಲ್ಲಿ ಬೇರೇನೋ ಬರೆದಿದ್ದೆನೋ, ಈಗ ಹೇಳುವುದು ಕಷ್ಟ.

"ಗಿಣಿ ಬಿಚ್ಚಿ ಮತ್ತೆ ನೇಯಬಹುದಿತ್ತಲ್ಲ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಬಿಚ್ಚಬೋದಿತ್ತು. ನಿಮ್ಮತ್ತೇನೇ ಬ್ಯಾಡ ಅಂದ್ಳು. ತಾಯಿ ನೆನೆದು ಅಳೋನು ನಮ್ಮ ಹುಡುಗೀನ ಅಳಿಸಲ್ಲ, ಸೀರೆ ಹಂಗೇ ಇರ್ಲಿ, ಧಾರೆಗೆ ಅದನ್ನೇ ಉಡ್ಸಾನ ಅಂದ್ಳು."

"ಮತ್ತೆ ನಾನು ಕಾಲು ಗಂಟೆ ಮಾತಾಡಿದ್ದು?"

"ಅದಾ? ಅದು ಬಜ್ಜಿ ತಿನ್ನೋವಾಗ. ಹಿಂದಿಗಿಂತ ಕಷ್ಟ ಇತ್ತು. ತಲೆ ಆಡಿಸಿದ್ವಿ."

ಆಗಸ್ಟ್ ಹದಿನೈದರಂದು ಶಾಮಿಯಾನದ ಕೆಳಗೆ ಭಾಷಣ ಮಾಡಲು ನಿಂತೆ. ಕುದುರೆಯ ಪ್ರಸ್ತಾಪಕ್ಕೆ ನಕ್ಕರು, ಗುಂಡು ಬಿದ್ದವರ ಪ್ರಸ್ತಾಪಕ್ಕೆ ಇನ್ನೂ ಹೆಚ್ಚು ನಕ್ಕರು. ಆ ವಾಕ್ಯಕ್ಕೆ ಬಂದೆ. ಅಷ್ಟು ಹೊತ್ತಿಗೆ ಹಾಳೆಯ ಮೇಲೆ ಅದನ್ನು ಎಷ್ಟು ಸಲ ಹೊಡೆದು ಬರೆದಿದ್ದೆನೆಂದರೆ ಉಳಿಸಿದ್ದೆನೋ ಬಿಟ್ಟಿದ್ದೆನೋ ನನಗೇ ತಿಳಿಯಲಿಲ್ಲ. "ಇಡೀ ದೇಶ ಅತ್ತ ದಿನ..." ಎಂದು ತಲೆ ಎತ್ತಿದೆ. ಹಳೆಯ ವಿದ್ಯಾರ್ಥಿಗಳು ಮುಂದಿನ ಮಾತನ್ನು ನನಗಿಂತ ಮೊದಲೇ ತುಟಿಯಲ್ಲಿ ಸಿದ್ಧ ಮಾಡಿಕೊಂಡಿದ್ದರು. ಎರಡನೇ ಸಾಲಿನಲ್ಲಿ ಲಲಿತ ಹಸಿರು ಸೀರೆಯಲ್ಲಿ ಕೂತಿದ್ದಳು. ಪಕ್ಕದ ಹೆಂಗಸು ಅಂಚು ಮುಟ್ಟಿ ಏನೋ ಕೇಳುತ್ತಿದ್ದರು. ಇವಳು ತೊಡೆಯ ಮೇಲಿನ ಒಂದು ಜಾಗವನ್ನು ಅಂಗೈಯಿಂದ ಮೆಲ್ಲಗೆ ಮುಚ್ಚಿಕೊಂಡಳು, ಯಾರದೋ ಗುಟ್ಟನ್ನು ಕಾಯುವವಳಂತೆ.

ನನ್ನ ಭಾಷಣ ಅಲ್ಲಿಗೇ ನಿಂತಿತು. ಪ್ರಿನ್ಸಿಪಾಲರು ಎದ್ದು ಬಂದು ಕೈ ಹಿಡಿದು ಮೈಕಿನಲ್ಲೇ, "ಇಂಥವರನ್ನೂ ಅಳಿಸಿತಲ್ಲ, ಅದೇ ದೇಶಭಕ್ತಿ" ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ನಾನು ಅವರಿಗೂ ಹೇಳಿದೆ, ಮನೆಗೆ ಬರುವ ದಾರಿಯಲ್ಲಿ ಲಲಿತೆಗೂ ಹೇಳಿದೆ, ನಿಮಗೂ ಹೇಳುತ್ತೇನೆ: ಚಳ್ಳಕೆರೆಯಲ್ಲಿ ಆಗಸ್ಟ್‌ನಲ್ಲಿ ಗಾಳಿ ಹೆಚ್ಚು, ಶಾಮಿಯಾನವನ್ನು ಅವರು ವರ್ಷಕ್ಕೊಮ್ಮೆಯೂ ಒದರುವುದಿಲ್ಲ, ನನ್ನ ಕಣ್ಣಿಗೆ ಧೂಳು ಬಿದ್ದಿತ್ತು. ಈ ಒಂದು ಸಂಗತಿಯ ಬಗ್ಗೆ ಮಾತ್ರ ನನಗೆ ಖಾತ್ರಿಯಿದೆ.